ಪಟ್ಟದ ರಾಣಿಯ ಮೈಬಣ್ಣ

(ನವರಾತ್ರಿಗೆ ಕೆಲವು ದಿನ ಮುಂಚೆ ಮೈಸೂರಿನ ಓದುಗರ ಬಳಗವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇನ್ನು ಹತ್ತು ದಿನಕ್ಕೆ ನವರಾತ್ರಿ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕು ಆಗಲೇ ಕೆಳಗೆ ಇಳಿದಿರುತ್ತದೆ. ಹಳೇ ಪಂಚೆಯಲ್ಲಿ, ಹಳೇ ಪೇಪರಿನಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚುವ ಆ ಮಧ್ಯಾಹ್ನ ನನಗೆ ಈಗಲೂ ಹಬ್ಬಕ್ಕಿಂತ ದೊಡ್ಡದು. ಅದಕ್ಕೇ ಗೊಂಬೆಗಳ ಬಗ್ಗೆ ಮಾತಾಡಿ ಅಂದಾಗ ತಕ್ಷಣ ಒಪ್ಪಿಕೊಂಡೆ. ಆಮೇಲೆ ಕೂತು ಯೋಚಿಸಿದರೆ ಮೊದಲು ನೆನಪಿಗೆ ಬಂದದ್ದು ಒಂದು ನೋವು. ಅಲ್ಲಿಂದಲೇ ಶುರು ಮಾಡುತ್ತೇನೆ.

ನನಗೆ ಆಗ ಏಳು ವರ್ಷ. ನಾನು ಕಪ್ಪು, ಸ್ವಲ್ಪ ಗುಂಡಗೆ. ನಮ್ಮ ದೊಡ್ಡಪ್ಪನ ಮಗಳು ಬೆಳ್ಳಗೆ, ತೆಳ್ಳಗೆ. ಗೊಂಬೆ ಆರತಿಗೆ ಬಂದಿದ್ದವರೊಬ್ಬರು ಅಕ್ಕನ ಗಲ್ಲ ಹಿಡಿದು, "ಎಷ್ಟು ಚೆನ್ನಾಗಿದ್ದಾಳೆ ನೋಡಿ, ಥೇಟ್ ಗೊಂಬೆ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಬಿಟ್ಟುಬಿಟ್ಟರೆ ಬೇಜಾರಾದೀತು ಅಂತಲೋ ಏನೋ, "ಇವಳೂ ಗೊಂಬೇನೇ, ನಮ್ಮ ಶೆಟ್ಟಿಯಮ್ಮ" ಎಂದು ಸೇರಿಸಿದರು. ಎಲ್ಲರೂ ನಕ್ಕರು.

ಶೆಟ್ಟಿ, ಶೆಟ್ಟಿಯಮ್ಮನ ಗೊಂಬೆ ನಿಮಗೆಲ್ಲ ಗೊತ್ತು. ಕೆಳಗಿನ ಮೆಟ್ಟಿಲಲ್ಲಿ ದಪ್ಪಗೆ, ಸಮಾಧಾನವಾಗಿ ಕೂತಿರುತ್ತಾರೆ. ಮುಂದೆ ಅಕ್ಕಿ, ಬೇಳೆ, ಬೆಲ್ಲದ ಅಂಗಡಿ. ಆ ದಿನದವರೆಗೂ ಅದು ನನಗೆ ಬಲು ಪ್ರೀತಿಯ ಗೊಂಬೆ. ಪುಟ್ಟ ಬಟ್ಟಲುಗಳಿಗೆ ತೊಗರಿಬೇಳೆ, ಹೆಸರುಕಾಳು ತುಂಬಿಡುವ ಕೆಲಸ ಪ್ರತಿವರ್ಷ ನನ್ನದೇ ಆಗಿತ್ತು. ಆ ಸಂಜೆಯ ಮೇಲೆ ಆ ಗೊಂಬೆಯನ್ನು ನಾನು ಮುಟ್ಟಲಿಲ್ಲ. ಮುಂದಿನ ವರ್ಷ ಅಮ್ಮ ಕರೆದಾಗ ಹೊಟ್ಟೆನೋವು ಅಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಈಗ ಯೋಚಿಸಿದರೆ ಆ ಗೊಂಬೆ ಯಾವ ತಪ್ಪನ್ನೂ ಮಾಡಿರಲಿಲ್ಲ. ಮೊದಲು ಅದು ನನ್ನ ಜೊತೆಗಾತಿ. ಒಂದೇ ಒಂದು ಮಾತಿನಿಂದ ಅದು ನನ್ನ ಅಳತೆಗೋಲಾಯಿತು. ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಈ ಬದಲಾವಣೆಯ ಬಗ್ಗೆ. ಗೊಂಬೆ ಯಾವಾಗ ಮಗುವಿಗೆ ಅಳತೆಗೋಲಾಗುತ್ತದೆ? ಅದನ್ನು ಕೈಗೆ ಕೊಡುವವರು ಯಾರು?

ಈ ಪ್ರಶ್ನೆಯನ್ನು ತುಂಬ ಗಂಭೀರವಾಗಿ ಕೇಳಿದವರು ಅಮೆರಿಕದ ಒಬ್ಬ ಗಂಡ ಹೆಂಡತಿ, ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್. ಇಬ್ಬರೂ ಮನಶ್ಶಾಸ್ತ್ರ ಓದಿದವರು, ಇಬ್ಬರೂ ಕಪ್ಪು ಜನಾಂಗದವರು. ಪುಟ್ಟ ಮಕ್ಕಳಿಗೆ ತಮ್ಮ ಬಣ್ಣದ ಅರಿವು ಹೇಗೆ ಬರುತ್ತದೆ ಅನ್ನುವುದು ಮೊದಲು ಮೇಮಿ ಕೈಗೆತ್ತಿಕೊಂಡ ವಿಷಯ. ಕೆಲಸ ಇಬ್ಬರದ್ದೂ. ಆದರೆ ಹೆಸರು ಹೇಳುವಾಗ ಜನ ಜಾಸ್ತಿ ಗಂಡನದ್ದೇ ಹೇಳುತ್ತಾರೆ, ಅದಕ್ಕೆ ಇಲ್ಲಿ ಒತ್ತಿ ಹೇಳಿದೆ.

1940ರ ದಶಕದಲ್ಲಿ ಅವರು ನಾಲ್ಕು ಗೊಂಬೆ ತೆಗೆದುಕೊಂಡರು. ಎಲ್ಲವೂ ಒಂದೇ ಅಚ್ಚಿನವು. ಎರಡಕ್ಕೆ ಕಂದು ಮೈ, ಕಪ್ಪು ಕೂದಲು. ಎರಡಕ್ಕೆ ಬಿಳಿ ಮೈ, ಹಳದಿ ಕೂದಲು. 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದೆ ಇವನ್ನು ಇಟ್ಟು ಕೇಳಿದರು: ನಿನಗೆ ಆಡೋಕೆ ಇಷ್ಟವಾದ ಗೊಂಬೆ ಕೊಡು. ಒಳ್ಳೆ ಗೊಂಬೆ ಕೊಡು. ಕೆಟ್ಟದಾಗಿ ಕಾಣೋ ಗೊಂಬೆ ಕೊಡು. ಚೆಂದದ ಬಣ್ಣದ ಗೊಂಬೆ ಕೊಡು. ಹೀಗೆ ಒಂದೊಂದಾಗಿ. 100ಕ್ಕೆ 67 ಮಕ್ಕಳು ಆಡಲು ಬಿಳಿ ಗೊಂಬೆ ಎತ್ತಿಕೊಂಡರು. 59 ಮಕ್ಕಳು ಕಂದು ಗೊಂಬೆಯನ್ನು ತೋರಿಸಿ ಇದು ಕೆಟ್ಟದಾಗಿ ಕಾಣುತ್ತೆ ಎಂದರು.

ಕೊನೆಯ ಪ್ರಶ್ನೆ: ಈಗ ನಿನ್ನ ಹಾಗೇ ಇರೋ ಗೊಂಬೆ ಕೊಡು.

ಒಂದು ಕ್ಷಣ ಆ ಮಗುವಿನ ಜಾಗದಲ್ಲಿ ನಿಂತು ನೋಡಿ. ಈಗತಾನೇ ಒಂದು ಗೊಂಬೆಯನ್ನು ಕೆಟ್ಟದ್ದು ಅಂತ ದೂರ ಇಟ್ಟಿದೆ. ಅದನ್ನೇ ಮತ್ತೆ ಎತ್ತಿಕೊಂಡು ಇದು ನಾನು ಅನ್ನಬೇಕು. ಮೂರರಲ್ಲಿ ಎರಡು ಪಾಲು ಮಕ್ಕಳು ಹಾಗೇ ಮಾಡಿದರು. ಕೆಲವರು ಅತ್ತರು. ಕೆಲವರು ಎದ್ದು ಕೋಣೆಯಿಂದ ಓಡಿಹೋದರು. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಹೊಟ್ಟೆನೋವು ನೆನಪಾಗಿತ್ತು.

ಕಪ್ಪು ಮಕ್ಕಳಿಗೆ, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಬಾರದು ಎಂದು 17 ಮೇ 1954ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಕೆಲಸದ ಉಲ್ಲೇಖ ಇದೆ. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ನಿಲ್ಲಿಸಲಾರೆ. ಯಾಕೆಂದರೆ ಆ ಅಧ್ಯಯನದಲ್ಲೇ ಇನ್ನೊಂದು ವಿಷಯ ಇದೆ. ಅರ್ಧದಷ್ಟು ಮಕ್ಕಳು ದಕ್ಷಿಣದ ಅರ್ಕಾನ್ಸಾ ರಾಜ್ಯದವರು, ಅಲ್ಲಿ ಶಾಲೆಗಳು ಬೇರೆ ಬೇರೆ. ಉಳಿದವರು ಉತ್ತರದ ಮ್ಯಾಸಚೂಸೆಟ್ಸ್‌ನವರು, ಅಲ್ಲಿ ಎಲ್ಲರಿಗೂ ಒಂದೇ ಶಾಲೆ. ಬಿಳಿ ಗೊಂಬೆಯನ್ನು ಬಯಸಿದವರು ಉತ್ತರದಲ್ಲೇ ಸ್ವಲ್ಪ ಜಾಸ್ತಿ! ಅಂದರೆ ಶಾಲೆಯ ಗೋಡೆಯೊಂದೇ ಕಾರಣವಾಗಿರಲಿಲ್ಲ. ಬೀದಿ, ಅಂಗಡಿ, ಪತ್ರಿಕೆಯ ಚಿತ್ರ, ದೊಡ್ಡವರ ಮಾತು, ಎಲ್ಲ ಸೇರಿ ಮಗುವಿಗೆ ಪಾಠ ಹೇಳಿದ್ದವು. ಗೊಂಬೆ ಆ ಪಾಠವನ್ನು ಹೊರಗೆ ತಂದು ತೋರಿಸಿತು, ಅಷ್ಟೆ.

ಇನ್ನು ಬಾರ್ಬಿಯ ವಿಷಯ. ಬಾರ್ಬಿ ಅಂದ ಕೂಡಲೇ ಬೈಯುವುದು ಸುಲಭ. ಆದರೆ ಅವಳನ್ನು ಮಾಡಿದ ಹೆಂಗಸಿನ ಉದ್ದೇಶ ಕೆಟ್ಟದಾಗಿರಲಿಲ್ಲ ಅನ್ನುವುದನ್ನು ಮೊದಲು ಹೇಳಬೇಕು. ರೂತ್ ಹ್ಯಾಂಡ್ಲರ್ ಆಕೆಯ ಹೆಸರು. ಮಗಳು ಬಾರ್ಬರಾ ಕಾಗದದ ಗೊಂಬೆಗಳ ಜೊತೆ ಆಡುವಾಗ ಅವನ್ನು ದೊಡ್ಡ ಹೆಂಗಸರನ್ನಾಗಿ ಮಾಡಿಕೊಂಡು ಮಾತಾಡಿಸುತ್ತಿದ್ದಳು. ಆಗ ಅಂಗಡಿಯಲ್ಲಿ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಪಾಪುವಿನ ಗೊಂಬೆಗಳು. ಎತ್ತಿಕೋ, ತೂಗು, ಹಾಲು ಕುಡಿಸು. ಅಂದರೆ ಹುಡುಗಿ ಆಟದಲ್ಲೂ ತಾಯಿಯೇ ಆಗಬೇಕು. ಹುಡುಗಿಯೊಬ್ಬಳು ಮುಂದೆ ತಾನು ಏನಾಗಬಹುದು ಅಂತ ಆಡಿ ನೋಡುವ ಗೊಂಬೆ ಬೇಕು ಎಂದು ರೂತ್‌ಗೆ ಅನಿಸಿತು. ಜರ್ಮನಿಯ ಲಿಲ್ಲಿ ಎಂಬ ಗೊಂಬೆಯನ್ನು ನೋಡಿ, ಅದರ ಮಾದರಿ ಹಿಡಿದು ಮಾಡಿದ ಬಾರ್ಬಿ 9 ಮಾರ್ಚ್ 1959ರಂದು ನ್ಯೂಯಾರ್ಕಿನ ಆಟಿಕೆ ಮೇಳಕ್ಕೆ ಬಂದಳು. ಹನ್ನೊಂದೂವರೆ ಇಂಚು ಎತ್ತರ, ಬೆಲೆ ಮೂರು ಡಾಲರ್. 1965ಕ್ಕೆ ಗಗನಯಾತ್ರಿಯೂ ಆದಳು. ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ.

ಅದೇ 1965ರಲ್ಲಿ ಇನ್ನೊಂದು ಬಾರ್ಬಿ ಬಂದಳು. ಗೆಳತಿಯರ ಮನೆಗೆ ರಾತ್ರಿ ಮಲಗಲು ಹೋಗುವ ಬಾರ್ಬಿ. ಅವಳ ಸಾಮಾನಿನಲ್ಲಿ ತೂಕ ನೋಡುವ ಪುಟ್ಟ ಯಂತ್ರ. ಅದರ ಮುಳ್ಳು 110 ಪೌಂಡಿಗೆ, ಅಂದರೆ ಸುಮಾರು 50 ಕೆ.ಜಿ.ಗೆ ನಿಂತುಹೋಗಿತ್ತು. ಜೊತೆಗೆ ತೂಕ ಇಳಿಸುವ ಬಗ್ಗೆ ಒಂದು ಪುಟ್ಟ ಪುಸ್ತಕ. ಅದರಲ್ಲಿದ್ದ ಸಲಹೆ ಒಂದೇ: ತಿನ್ನಬೇಡ.

ಒಂದೇ ವರ್ಷದ ಈ ಎರಡು ಗೊಂಬೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬಳು ಆಕಾಶಕ್ಕೆ ಹಾರಬಲ್ಲಳು. ಇನ್ನೊಬ್ಬಳು ಊಟ ಬಿಡಬೇಕು. ಬಟ್ಟೆ ಬೇರೆ, ಮೈ ಒಂದೇ. ಹುಡುಗಿಗೆ ನಾವು ಇವತ್ತಿಗೂ ಹೇಳುತ್ತಿರುವುದು ಇದನ್ನೇ ಅಲ್ವಾ? ಏನು ಬೇಕಾದರೂ ಓದು, ಏನು ಬೇಕಾದರೂ ಆಗು, ಆದರೆ ತೆಳ್ಳಗಿರು, ಬೆಳ್ಳಗಿರು.

ಇದು ಬರೀ ನನ್ನ ಅನಿಸಿಕೆ ಅಲ್ಲ. ಬ್ರಿಟನ್ನಿನಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 5ರಿಂದ 8 ವರ್ಷದ 162 ಹುಡುಗಿಯರಿಗೆ ಚಿತ್ರ ತೋರಿಸುತ್ತಾ ಕಥೆ ಓದಿದರು. ಕೆಲವರಿಗೆ ಬಾರ್ಬಿ ಚಿತ್ರ, ಕೆಲವರಿಗೆ ಮೈಕೈ ತುಂಬಿಕೊಂಡ ಬೇರೆ ಗೊಂಬೆಯ ಚಿತ್ರ, ಇನ್ನು ಕೆಲವರಿಗೆ ಗೊಂಬೆಯೇ ಇಲ್ಲದ ಚಿತ್ರ. ಬಾರ್ಬಿ ನೋಡಿದ ಪುಟ್ಟ ಹುಡುಗಿಯರಿಗೆ ತಮ್ಮ ಮೈ ಬಗ್ಗೆ ಸಮಾಧಾನ ಕಡಿಮೆಯಾಗಿತ್ತು, ಇನ್ನೂ ತೆಳ್ಳಗಾಗಬೇಕು ಅನ್ನಿಸಿತ್ತು. ಐದಾರು ವರ್ಷದ ಮಕ್ಕಳು! ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಆ ಗುಂಪಿನಲ್ಲಿ ದೊಡ್ಡವರಾದ ಹುಡುಗಿಯರಿಗೆ ಬಾರ್ಬಿ ನೋಡಿದ ಕೂಡಲೇ ಅಂಥ ಬದಲಾವಣೆ ಆಗಲಿಲ್ಲ. ಅದನ್ನು ಓದಿ ನನಗೆ ನೆಮ್ಮದಿ ಆಗಲಿಲ್ಲ. ಅಷ್ಟು ಹೊತ್ತಿಗೆ ಅಳತೆ ಒಳಗೇ ಇಳಿದುಬಿಟ್ಟಿರುತ್ತದೆ, ಮತ್ತೆ ಗೊಂಬೆ ತೋರಿಸುವ ಅಗತ್ಯವೇ ಇರುವುದಿಲ್ಲ ಅಂತ ನನಗೆ ತೋರುತ್ತದೆ.

ಅಮೆರಿಕದಲ್ಲಿ 2014ರಲ್ಲಿ ಇನ್ನೊಂದು ಅಧ್ಯಯನ ಬಂತು. ಚಿಕ್ಕದು, 4ರಿಂದ 7 ವರ್ಷದ 37 ಹುಡುಗಿಯರಷ್ಟೆ. ಐದೇ ಐದು ನಿಮಿಷ ಆಡಲು ಬಿಟ್ಟರು. ಕೆಲವರಿಗೆ ಫ್ಯಾಷನ್ ಬಾರ್ಬಿ, ಕೆಲವರಿಗೆ ಡಾಕ್ಟರ್ ಬಾರ್ಬಿ, ಕೆಲವರಿಗೆ ಆಲೂಗಡ್ಡೆ ಆಕಾರದ ಒಂದು ಹೆಂಗಸಿನ ಗೊಂಬೆ. ಆಮೇಲೆ ಹತ್ತು ಉದ್ಯೋಗಗಳ ಚಿತ್ರ ತೋರಿಸಿ, ಇದರಲ್ಲಿ ನೀನು ಯಾವುದು ಮಾಡಬಲ್ಲೆ, ಹುಡುಗ ಯಾವುದು ಮಾಡಬಲ್ಲ ಎಂದು ಕೇಳಿದರು. ಬಾರ್ಬಿ ಜೊತೆ ಆಡಿದವರು ಹುಡುಗನಿಗೆ ಜಾಸ್ತಿ ಉದ್ಯೋಗ, ತಮಗೆ ಕಡಿಮೆ ಉದ್ಯೋಗ ಆರಿಸಿಕೊಂಡರು. ಆಲೂಗಡ್ಡೆ ಗೊಂಬೆಯ ಜೊತೆ ಆಡಿದವರಲ್ಲಿ ಆ ಅಂತರ ಅಷ್ಟಿರಲಿಲ್ಲ. ಡಾಕ್ಟರ್ ಬಾರ್ಬಿಗೂ ಫ್ಯಾಷನ್ ಬಾರ್ಬಿಗೂ ವ್ಯತ್ಯಾಸವೇ ಕಾಣಲಿಲ್ಲ. ಬಿಳಿ ಕೋಟು ಹಾಕಿದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಇಷ್ಟು ಚಿಕ್ಕ ಅಧ್ಯಯನದ ಮೇಲೆ ತುಂಬ ಭಾರ ಹಾಕಬಾರದು, ನಿಜ. ಆದರೂ ಡಾಕ್ಟರ್ ಸೆಟ್ ಕೊಡಿಸಿದ್ದೀವಲ್ಲ ಅಂತ ನೆಮ್ಮದಿಯಾಗಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು.

2016ರಲ್ಲಿ ಕಂಪನಿಯವರೇ ಮೂರು ಹೊಸ ಮೈಕಟ್ಟಿನ ಬಾರ್ಬಿಗಳನ್ನು ತಂದರು. ಎತ್ತರದವಳು, ಕುಳ್ಳಿ, ಮೈತುಂಬಿಕೊಂಡವಳು. ಮೈಬಣ್ಣದಲ್ಲೂ ಹಲವು ಬಗೆ. ಒಳ್ಳೆಯದೇ. 57 ವರ್ಷ ಬೇಕಾಯಿತು.

ಗಂಡುಮಕ್ಕಳನ್ನು ಮರೆಯುವ ಹಾಗಿಲ್ಲ. 1964ರಲ್ಲಿ ಅಮೆರಿಕದಲ್ಲಿ ಜಿ.ಐ. ಜೋ ಎಂಬ ಸೈನಿಕನ ಗೊಂಬೆ ಬಂತು. ಬಟ್ಟೆ ಬದಲಿಸಬಹುದು, ಕೈಕಾಲು ಮಡಚಬಹುದು, ಎಲ್ಲ ರೀತಿಯಲ್ಲೂ ಗೊಂಬೆಯೇ. ಆದರೆ ಗೊಂಬೆ ಅಂದರೆ ಹುಡುಗರಿಗೆ ಯಾರೂ ಕೊಡಿಸುವುದಿಲ್ಲ ಅಂತ ಮಾರುವವರಿಗೆ ಗೊತ್ತಿತ್ತು. ಅದಕ್ಕೇ ಆ್ಯಕ್ಷನ್ ಫಿಗರ್ ಅನ್ನುವ ಹೊಸ ಹೆಸರು ಇಟ್ಟರು. ಇವತ್ತಿಗೂ ಅಂಗಡಿಯಲ್ಲಿ ಅದೇ ಹೆಸರು. ಆ ಸೈನಿಕನ ತೋಳು ವರ್ಷದಿಂದ ವರ್ಷಕ್ಕೆ ಊದುತ್ತಾ ಹೋಯಿತು. 1999ರಲ್ಲಿ ಕೆಲವು ಸಂಶೋಧಕರು ಅಳೆದು, ಅವನು ಮನುಷ್ಯನಷ್ಟು ಎತ್ತರ ಇದ್ದಿದ್ದರೆ ಎಂದು ಲೆಕ್ಕ ಹಾಕಿದರು. 1964ರ ಗೊಂಬೆಯ ತೋಳು ಸುಮಾರು 12 ಇಂಚು. 1990ರ ದಶಕದ ಕೊನೆಯ ಗೊಂಬೆಯ ತೋಳು ಸುಮಾರು 27 ಇಂಚು. ಅಷ್ಟು ದಪ್ಪ ತೋಳು ಪೈಲ್ವಾನರಿಗೂ ಇರುವುದಿಲ್ಲ. ಹುಡುಗಿಯ ಸೊಂಟದ ಬಗ್ಗೆ ನಾವು ಅಷ್ಟಿಷ್ಟು ಮಾತಾಡಿದ್ದೇವೆ. ಹುಡುಗನ ತೋಳಿನ ಬಗ್ಗೆ ಮಾತಾಡಿದ್ದು ತೀರಾ ಕಡಿಮೆ.

ಈಗ ನನ್ನದೇ ತಪ್ಪಿಗೆ ಬರುತ್ತೇನೆ. ನಾನು ಶಿಶುವಿಹಾರದಲ್ಲಿ 28 ವರ್ಷ ಮಕ್ಕಳ ಜೊತೆ ಇದ್ದವಳು. ನಮ್ಮ ಹತ್ತಿರ ಒಂದು ದೊಡ್ಡ ಬುಟ್ಟಿ ಆಟಿಕೆ ಇತ್ತು. ಹೆಚ್ಚಿನವು ಚನ್ನಪಟ್ಟಣದವು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡಿದ ರೈಲು, ಬುಗುರಿ, ಗಿಲಕಿ, ಅಡುಗೆ ಸಾಮಾನು. ಎಷ್ಟು ನುಣುಪು ಅಂದರೆ ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ತೆಗೆದು ಹಂಚುತ್ತಿದ್ದೆ. ಒಂದು ದಿನ ತರಬೇತಿಗೆ ಬಂದಿದ್ದ ಚಿಕ್ಕ ವಯಸ್ಸಿನ ಟೀಚರ್ ಕೇಳಿದಳು: "ಮೇಡಂ, ರೈಲು ಯಾವಾಗಲೂ ಹುಡುಗರಿಗೇ ಕೊಡ್ತೀರಲ್ಲ, ಯಾಕೆ?" ನಾನು ಇಲ್ಲವಲ್ಲ ಅಂದೆ. ಅವಳು ಒಂದು ವಾರ ಲೆಕ್ಕ ಬರೆದಿದ್ದಳು. ರೈಲು ಒಂದು ಸಲವೂ ಹುಡುಗಿಯ ಕೈಗೆ ಹೋಗಿರಲಿಲ್ಲ. ಅಡುಗೆ ಸಾಮಾನು ಹುಡುಗನ ಕೈಗೆ ಹೋಗಿರಲಿಲ್ಲ. ಕಪ್ಪು ಅಂತ ನೋವು ಉಂಡವಳು, ಮಕ್ಕಳನ್ನು ಸಮನಾಗಿ ನೋಡುತ್ತೇನೆ ಅಂತ ನಂಬಿದ್ದವಳು ನಾನು. ನನ್ನ ಕೈ ತನ್ನಷ್ಟಕ್ಕೇ ಹಂಚುತ್ತಿತ್ತು.

ಆಮೇಲೆ ಓದುವಾಗ ಬ್ರಿಟನ್ನಿನಲ್ಲಿ 1978ರಲ್ಲಿ ನಡೆದ ಒಂದು ಪ್ರಯೋಗ ಕಣ್ಣಿಗೆ ಬಿತ್ತು. 32 ತಾಯಂದಿರಿಗೆ ಬೇರೆಯವರ ಆರು ತಿಂಗಳ ಕೂಸನ್ನು ಆಡಿಸಲು ಕೊಟ್ಟಿದ್ದರು. ಕೂಸಿಗೆ ಹುಡುಗಿಯ ಬಟ್ಟೆ, ಹೆಸರು ಇದ್ದರೆ ಗೊಂಬೆ ಕೊಡುವುದು. ಹುಡುಗನ ಬಟ್ಟೆ, ಹೆಸರು ಇದ್ದರೆ ಸುತ್ತಿಗೆಯಂಥ ಆಟಿಕೆ ಕೊಡುವುದು, ಜೋರಾಗಿ ಕೈಕಾಲು ಆಡಿಸುವಂತೆ ಹುರಿದುಂಬಿಸುವುದು. ಹುಡುಗಿ ಅಂದುಕೊಂಡ ಕೂಸು ಕೆಲವೊಮ್ಮೆ ನಿಜಕ್ಕೂ ಹುಡುಗ! ಆ ತಾಯಂದಿರನ್ನು ಓದಿದಾಗ ನನ್ನ ಬುಟ್ಟಿಯೇ ಕಣ್ಣಮುಂದೆ ಬಂತು. ಯಾರೂ ಬೇಕಂತ ಮಾಡುವುದಲ್ಲ ಇದು.

ಮರುದಿನದಿಂದ ಬುಟ್ಟಿಯನ್ನು ನಡುವೆ ಸುರಿದು ಸುಮ್ಮನೆ ಕೂತೆ. ಎರಡು ದಿನ ಮಕ್ಕಳು ಹಳೆಯ ಹಾಗೇ ಎತ್ತಿಕೊಂಡರು. ಮೂರನೆಯ ದಿನ ಒಬ್ಬ ಹುಡುಗ ಬಟ್ಟೆ ಗೊಂಬೆಯನ್ನು ತೊಡೆ ಮೇಲೆ ಮಲಗಿಸಿ ತಟ್ಟುತ್ತಾ ಕೂತ. ಅವನ ಮನೆಯಲ್ಲಿ ಹೊಸದಾಗಿ ತಂಗಿ ಹುಟ್ಟಿದ್ದಳು. ಅವನ ಅಪ್ಪ ಕರೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು, "ಏನ್ರೀ ಮೇಡಂ, ನನ್ನ ಮಗನ್ನ ಹೆಣ್ಣಿಗ ಮಾಡ್ತಿದ್ದೀರಾ?" ಎಂದರು. ಹುಡುಗ ಗೊಂಬೆಯನ್ನು ನೆಲಕ್ಕೆ ಬಿಟ್ಟ. ಎಸೆಯಲಿಲ್ಲ, ಮೆಲ್ಲಗೆ ಬಿಟ್ಟ. ಅದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ನಮ್ಮ ಭಾಷೆಯಲ್ಲಿ ಇಂಥ ಮಾತು ಎಷ್ಟಿವೆ ನೋಡಿ. ಬುಗುರಿ, ಗೋಲಿ, ಚಿನ್ನಿದಾಂಡು ಆಡುವ ಹುಡುಗಿ ಗಂಡುಬೀರಿ. ಕುಂಟೆಬಿಲ್ಲೆ, ಅಳಗುಳಿ ಮಣೆ ಆಡುವ ಹುಡುಗ ಹೆಣ್ಣಿಗ. ಚೆಲುವಿಗೆ ಬಂದರೆ ಬೆಳ್ಳಗಿದ್ದವಳು ದಂತದ ಗೊಂಬೆ. ನನ್ನಂಥವಳಿಗೆ ಕಪ್ಪಾದರೂ ಲಕ್ಷಣವಾಗಿದ್ದಾಳೆ. ಆ 'ಆದರೂ' ಅನ್ನುವ ಮೂರಕ್ಷರ ಇದೆಯಲ್ಲ, ಅದನ್ನು ಹೊತ್ತುಕೊಂಡೇ ನಮ್ಮ ಎಷ್ಟೋ ಹೆಣ್ಣುಮಕ್ಕಳು ದೊಡ್ಡವರಾಗಿದ್ದಾರೆ. ಬಾರ್ಬಿ ನಮ್ಮ ಊರಿಗೆ ಬರುವ ಮುಂಚೆಯೇ ಈ ಮಾತುಗಳು ಇದ್ದವು.

ಸಭೆಯಲ್ಲಿ ಈ ಹೊತ್ತಿಗೆ ಒಬ್ಬ ಚಿಕ್ಕ ವಯಸ್ಸಿನ ತಾಯಿ ಎದ್ದು ಕೇಳಿದರು: "ಹಾಗಾದರೆ ಬಾರ್ಬಿ ಕೊಡಿಸಲೇಬಾರದಾ? ನನ್ನ ಮಗಳಿಗೆ ಅದೇ ಬೇಕು." ಕಿತ್ತುಕೊಳ್ಳಬೇಡಿ ಅಂದೆ. ಕಿತ್ತುಕೊಂಡರೆ ಅದರ ಬೆಲೆ ಇನ್ನೂ ಏರುತ್ತದೆ. ಅವಳು ಆಡುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಗೊಂಬೆಯ ಬಾಯಲ್ಲಿ ಮಗಳು ಏನು ಹೇಳಿಸುತ್ತಾಳೆ ಅನ್ನುವುದು ಮುಖ್ಯ. "ನಾನು ದಪ್ಪ ಆಗಿದ್ದೀನಿ, ತಿನ್ನಲ್ಲ" ಅಂತ ಗೊಂಬೆ ಹೇಳಿದರೆ, ಆ ಮಾತು ಯಾರದ್ದು ಅಂತ ಹುಡುಕಿ. ಎಷ್ಟೋ ಸಲ ಅದು ಕನ್ನಡಿ ಮುಂದೆ ನಿಂತು ನೀವೇ ಆಡಿದ್ದಾಗಿರುತ್ತದೆ.

ಮದುವೆಯಾದ ಹೊಸದರಲ್ಲಿ ಯಜಮಾನರ ಕೆಲಸದಿಂದಾಗಿ ಎರಡು ವರ್ಷ ಧಾರವಾಡದ ಕಡೆ ಇದ್ದೆ. ಅಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಸೇರಿ ಗುಳ್ಳವ್ವನನ್ನು ಮಾಡುತ್ತಾರೆ. ನಾನು ನೋಡಿದ ಗುಳ್ಳವ್ವ ಹೊಲದ ಎರೆಮಣ್ಣಿನವಳು, ಕಪ್ಪಗೆ ಮಿರಮಿರ ಮಿಂಚುತ್ತಿದ್ದಳು. ಮೈತುಂಬ ಕೆಂಪು ಗುಲಗಂಜಿ ಚುಚ್ಚಿ ಅಲಂಕಾರ. ಮೂಗು ಎಲ್ಲಿ, ಸೊಂಟ ಎಲ್ಲಿ ಅಂತ ಯಾರೂ ಕೇಳುತ್ತಿರಲಿಲ್ಲ. "ನಮ್ಮ ಗುಳ್ಳವ್ವ ಭಾಳ ಚಂದ ಆಗ್ಯಾಳ್ರೀ ಅಕ್ಕಾರ" ಎಂದು ಕೈಯೆಲ್ಲ ಮಣ್ಣು ಮಾಡಿಕೊಂಡು ಆ ಹುಡುಗಿಯರು ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದ್ದರು. ತಾವೇ ಮಾಡಿದ ಗೊಂಬೆ, ಅದಕ್ಕೆ ಚೆಲುವು ಯಾವುದು ಅಂತಲೂ ಅವರೇ ತೀರ್ಮಾನಿಸಿದ್ದರು. ಹೊರಗಿನಿಂದ ಬಂದ ಅಳತೆ ಅಲ್ಲಿರಲಿಲ್ಲ.

ನಮ್ಮ ಮೈಸೂರು ಕಡೆಯ ಗೊಂಬೆಗಳಲ್ಲಿ ಅಂಥದ್ದು ಇಲ್ಲವಲ್ಲ ಅಂತ ನನಗೆ ತುಂಬ ಕಾಲ ಕೊರಗಿತ್ತು. ಮೆಟ್ಟಿಲ ಮೇಲೆ ಲಕ್ಷ್ಮಿ ಗುಲಾಬಿ ಬಣ್ಣ, ಸರಸ್ವತಿ ಬಿಳಿ. ಹೆಸರಲ್ಲೇ ಕಪ್ಪು ಇರುವ ಕೃಷ್ಣನೂ ತಿಳಿನೀಲಿ. ನನ್ನ ಬಣ್ಣದವರು ಯಾರೂ ಇಲ್ಲ ಅಂದುಕೊಂಡೇ ಅರವತ್ತು ವರ್ಷ ಗೊಂಬೆ ಕೂರಿಸಿದೆ.

ಹೋದ ವರ್ಷ ಇಬ್ಬರು ಮೊಮ್ಮಕ್ಕಳೂ ಹಬ್ಬಕ್ಕೆ ಬಂದಿದ್ದರು. ಮೊಮ್ಮಗಳಿಗೆ ಐದು, ಮೊಮ್ಮಗನಿಗೆ ಒಂಬತ್ತು. ಪಟ್ಟದ ಗೊಂಬೆಗಳನ್ನು ಬಿಚ್ಚಿದೆ. ನಮ್ಮಜ್ಜಿಗೆ ಮದುವೆಯಲ್ಲಿ ತವರಿನವರು ಕೊಟ್ಟ ರಾಜ ರಾಣಿ, ರಕ್ತಚಂದನದ ಮರದವು. ಪ್ರತಿವರ್ಷ ಹೊಸ ಬಟ್ಟೆ ಉಡಿಸಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತೇವೆ. ಹಳೇ ಸೀರೆ ಬಿಚ್ಚಿ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಮೊಮ್ಮಗಳು ತನ್ನ ಕೈಯನ್ನು ರಾಣಿಯ ಪಕ್ಕ ಇಟ್ಟು, "ಅಜ್ಜಿ, ರಾಣಿ ನನ್ನ ಕಲರ್ರೇ" ಅಂದಳು.

ನಾನು ನೋಡಿದೆ. ನಿಜ. ನನ್ನ ಬಣ್ಣವೂ ಅದೇ. ಎಲ್ಲರಿಗಿಂತ ಮೇಲೆ ಕೂರುವವಳು, ಮೊದಲ ಆರತಿ ಯಾರಿಗೆ ಆಗುತ್ತದೋ ಅವಳು, ನಮ್ಮ ಹಾಗೇ ಕಪ್ಪು. ಅಷ್ಟು ವರ್ಷ ನಾನು ಅವಳ ಜರಿ ಸೀರೆ ನೋಡಿದ್ದೆ, ಒಡವೆ ನೋಡಿದ್ದೆ. ಮೈ ನೋಡಿರಲಿಲ್ಲ.

ಮೊಮ್ಮಗ ತಾನೇ ಸೀರೆ ಉಡಿಸುತ್ತೇನೆ ಎಂದು ಹಟ ಹಿಡಿದ. ಪುಟ್ಟ ಪುಟ್ಟ ನೆರಿಗೆ ಹಿಡಿದು ದಾರ ಕಟ್ಟುತ್ತಿದ್ದ. ಬಂದಿದ್ದವರೊಬ್ಬರು, "ಗಂಡುಹುಡುಗ ಇವೆಲ್ಲ ಮಾಡಬಾರದಪ್ಪ, ನೀನು ಕೆಳಗೆ ರಾಗಿ ಪೈರಿನ ಪಾರ್ಕ್ ಮಾಡ್ಕೋ" ಎಂದರು. ಅವನ ಕೈ ನಿಂತಿತು. ನನ್ನ ಮುಖ ನೋಡಿದ. ಶಿಶುವಿಹಾರದ ಬಾಗಿಲಲ್ಲಿ ಆ ದಿನ ನನಗೆ ಮಾತು ಹೊರಟಿರಲಿಲ್ಲ. ಈ ಸಲ ಹೊರಟಿತು. "ಅವನು ಸೀರೆ ಉಡಿಸ್ತಾನೆ, ಆಮೇಲೆ ರಾಜನಿಗೆ ಪಂಚೆ ಉಡಿಸ್ತಾನೆ. ಪಾರ್ಕನ್ನ ಇಬ್ಬರೂ ಸೇರಿ ಮಾಡ್ತಾರೆ" ಅಂದೆ. ಅವನು ಮತ್ತೆ ನೆರಿಗೆ ಹಿಡಿದ.

ಈ ವರ್ಷ ರಾಣಿಗೆ ಹಸಿರು ರೇಷ್ಮೆ ಬೇಕಂತೆ, ಅವನೇ ಫೋನ್ ಮಾಡಿ ಹೇಳಿದ್ದಾನೆ. ಎಣ್ಣೆ ಒರೆಸುವ ಕೆಲಸ ಮೊಮ್ಮಗಳದ್ದು. ಶೆಟ್ಟಿಯಮ್ಮನ ಅಂಗಡಿ ಮಾತ್ರ ನನಗೆ ಬಿಡಿ ಎಂದು ಇಬ್ಬರಿಗೂ ಹೇಳಿದ್ದೇನೆ. ಪುಟ್ಟ ಬಟ್ಟಲುಗಳನ್ನು ತೊಳೆದು ಒಣಗಿಸಿಟ್ಟಿದ್ದೇನೆ. ಹೆಸರುಕಾಳು, ತೊಗರಿಬೇಳೆ ತರಬೇಕು.

ನಮಸ್ಕಾರ.